ನೆರೆಮನೆಯ ಡಬ್ಬದಲ್ಲಿ ಗಾಂಜಾ ಎಣ್ಣೆ ಇಟ್ಟ ಬಗ್ಗೆ

ಸಂಖ್ಯೆ: ಬೇಮೆಂ/ಗಾಂಎ/07/2024
ಬೇಸ್‌ಮೆಂಟ್ ಕಛೇರಿ, ನಾರ್ತ್‌ವಿಲ್, ಮಿಷಿಗನ್
ದಿನಾಂಕ: 4.11.2024

ಸುತ್ತೋಲೆ

ವಿಷಯ: ಸಣ್ಣ ಬೆಳೆಗಾರರ ಎಣ್ಣೆ ಯಂತ್ರದ ಬಳಕೆ ಹಾಗೂ ನೆರೆಮನೆಯ ಡಬ್ಬಗಳನ್ನು ಹಿಂದಿರುಗಿಸುವ ಕ್ರಮ.

ಉಲ್ಲೇಖ: 1) ಶ್ರೀ ನಾಗರಾಜ ಅವರ ಮೌಖಿಕ ಎಚ್ಚರಿಕೆ (ಮೂರು ಬಾರಿ).
2) ಶ್ರೀಮತಿ ಲತಾಶ್ರೀ ಅವರ ಸ್ಟೀಲ್ ಡಬ್ಬ.

ಮಿಷಿಗನ್ ರಾಜ್ಯದ ಕಾನೂನಿನಂತೆ ಮನೆಯಲ್ಲಿ ಹನ್ನೆರಡು ಗಾಂಜಾ ಗಿಡ ಬೆಳೆಯಲು ಅವಕಾಶವಿದ್ದು, ಮೊಣಕಾಲು ನೋವಿನ ಆರು ಕುಟುಂಬಗಳು ಅದರ ಲಾಭ ಪಡೆದಿರುತ್ತವೆ. ಇಂಗಾಲದ ಡೈಆಕ್ಸೈಡನ್ನು ಭಾರಿ ಒತ್ತಡದಲ್ಲಿ ಹಾಯಿಸಿ ಎಣ್ಣೆ ತೆಗೆಯುವ ಯಂತ್ರಕ್ಕೆ ಕಂಪನಿಗಳು ಒಂದು ಮನೆಯ ಬೆಲೆ ಹೇಳುತ್ತಿದ್ದುದರಿಂದ, ನಿವೃತ್ತ ಕಾರ್ ಇಂಜಿನಿಯರ್ ಶ್ರೀ ನಾಗರಾಜ ಅವರು ವೆಟ್ ಗ್ರೈಂಡರ್ ಗಾತ್ರದ ಅಗ್ಗದ ಯಂತ್ರವೊಂದನ್ನು ಹುಡುಕಿ ತಂದಿದ್ದಾರೆ. ಅದನ್ನು ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ ಶ್ರೀಮತಿ ಜಯದೇವಿ (76) ಅವರ ಬೇಸ್‌ಮೆಂಟಿನಲ್ಲಿ ಸ್ಥಾಪಿಸಿ, ಸದರಿಯವರನ್ನೇ ಮುಖ್ಯಸ್ಥೆಯಾಗಿ ನೇಮಿಸಲಾಗಿದೆ. ಬೇರೆ ಯಾರ ಬೇಸ್‌ಮೆಂಟೂ ಖಾಲಿ ಇರಲಿಲ್ಲ. ಇತ್ತೀಚಿನ ಅಚಾತುರ್ಯದ ಹಿನ್ನೆಲೆಯಲ್ಲಿ ಎಲ್ಲ ಸದಸ್ಯರಿಗೂ ತಿಳಿಯಪಡಿಸುವುದೇನೆಂದರೆ:

1. ಯಂತ್ರವು ವಿಷಲ್ ಹಾಕುವುದಿಲ್ಲ. ಮೂರು ವಿಷಲ್ ಎಣಿಸಲು ಕುರ್ಚಿ ಹಾಕಿಕೊಂಡು ಕೂರತಕ್ಕದ್ದಲ್ಲ. ಸದಸ್ಯ ಶ್ರೀ ರಾಚಯ್ಯ ಅವರು ನಲವತ್ತು ನಿಮಿಷ ಕಾದು, "ಏನ್ರೀ ಅಕ್ಕಾರ, ಇದು ಸೀಟೀನ ಹೊಡೀವಲ್ದಲ್ಲ, ವಾಷರ್ ಹೋಗೇತೇನು?" ಎಂದು ಕೇಳಿದ್ದನ್ನು ದಾಖಲಿಸಲಾಗಿದೆ. ಪಕ್ಕದ ಕುರ್ಚಿಯಲ್ಲಿ ಮುಖ್ಯಸ್ಥೆಯೂ ಎಣಿಸಲು ಸಿದ್ಧರಾಗಿ ಕೂತಿದ್ದುದನ್ನು ದಾಖಲಿಸುವ ಅಗತ್ಯವಿಲ್ಲವೆಂದು ಮುಖ್ಯಸ್ಥೆಯೇ ತೀರ್ಮಾನಿಸಿದ್ದಾರೆ.

2. ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮ ಇಡಲು ಅನುಮತಿ ಇದೆ. ಒತ್ತಡ ತೋರಿಸುವ ಮುಳ್ಳಿನ ಮೇಲಿನ ಗಾಜಿಗೇ ಇಡಲು ಅನುಮತಿ ಇಲ್ಲ. (ಇಟ್ಟವರು: ಮುಖ್ಯಸ್ಥೆ. ಒರೆಸಿದವರು: ಶ್ರೀ ನಾಗರಾಜ.)

3. ಯಾರ ಡಬ್ಬವನ್ನೂ ಖಾಲಿ ಹಿಂದಿರುಗಿಸಬಾರದೆಂಬ ರೂಢಿಯನ್ನು ಈ ಕಛೇರಿಯ ಮಟ್ಟಿಗೆ ತಕ್ಷಣದಿಂದ ಅಮಾನತಿನಲ್ಲಿ ಇಡಲಾಗಿದೆ. ಕಾರಣ ಕೆಳಕಂಡಂತಿದೆ.

(ಅ) ಪಕ್ಕದ ಮನೆಯ ಶ್ರೀಮತಿ ಲತಾಶ್ರೀ ಅವರು ಒಬ್ಬಟ್ಟು ಕಳಿಸಿದ ಡಬ್ಬವನ್ನು ತುಂಬಲು ಅಂದು ಮುಖ್ಯಸ್ಥೆಯ ಮನೆಯಲ್ಲಿ ಚಕ್ಕುಲಿಯೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ದಿನವೂ ಡೆಟ್ರಾಯಿಟ್‌ಗೆ ಡ್ರೈವ್ ಮಾಡಿ ಬೆನ್ನು ಹಿಡಿದುಕೊಂಡಿರುವ ಹುಡುಗಿ ಎಂಬ ಮರುಕದಿಂದ, ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ ನಮ್ಮ ಎಣ್ಣೆಯ ಶೀಶೆಯೊಂದನ್ನು "ಬೆನ್ನಿಗೆ" ಎಂದು ಚೀಟಿ ಅಂಟಿಸಿ ಡಬ್ಬದಲ್ಲಿ ಇಡಲಾಯಿತು.

(ಆ) ಸದರಿ ಲತಾಶ್ರೀ ಅವರು ಕೆಲಸದ ವೀಸಾದಲ್ಲಿದ್ದು, ಅಂದಿನಿಂದ ಒಂಬತ್ತನೇ ದಿನ ಅವರ ಗ್ರೀನ್ ಕಾರ್ಡ್ ಸಂದರ್ಶನವಿತ್ತು. ರಾಜ್ಯ ಒಪ್ಪಿದರೂ ಗಾಂಜಾವನ್ನು ಕಾರ್ಡ್ ಕೊಡುವ ಕೇಂದ್ರ ಸರ್ಕಾರ ಒಪ್ಪಿಲ್ಲ. ಒಂದು ತೊಟ್ಟು ಹಚ್ಚಿಕೊಂಡಿದ್ದರೂ ಅಧಿಕಾರಿಯ ಮುಂದೆ ನಿಜ ಹೇಳಿ ಹನ್ನೊಂದು ವರ್ಷದ ಕಾಯುವಿಕೆಯನ್ನು ಕಳೆದುಕೊಳ್ಳಬೇಕಾಗುತ್ತಿತ್ತು, ಇಲ್ಲವೇ ಸುಳ್ಳು ಹೇಳಬೇಕಾಗುತ್ತಿತ್ತು. ಇದರ ಬಗ್ಗೆಯೇ ಶ್ರೀ ನಾಗರಾಜ ಅವರು ಮೂರು ಬಾರಿ ಎಚ್ಚರಿಸಿದ್ದು; ಮುಖ್ಯಸ್ಥೆಗೆ ನೆನಪಾದದ್ದು ಡಬ್ಬ ಕಳಿಸಿದ ಮೇಲೆ.

(ಇ) ಅದೇ ಸಂಜೆ ಲತಾಶ್ರೀ ಅವರು ಮುಚ್ಚಳ ತೆರೆಯದ ಶೀಶೆಯೊಂದಿಗೆ ಬಂದು, "ಆಂಟಿ, ವಾಸನೆಗೇ ಗೊತ್ತಾಯ್ತು. ಮುಟ್ಟಿಲ್ಲ ನಾನು. ನೀವು ಕೂತ್ಕೊಳಿ ಮೊದ್ಲು" ಎಂದು ತಾವೇ ಕಾಫಿ ಮಾಡಿಕೊಟ್ಟಿರುತ್ತಾರೆ. ಮುಖ್ಯಸ್ಥೆಯ ಅಡಿಗೆಮನೆಯಲ್ಲಿ ಸಕ್ಕರೆ ಇಲ್ಲದ್ದು ಅವರಿಗೆ ಆಗ ತಿಳಿದು, ಅವರ ಮನೆಯಿಂದಲೇ ತರಿಸಲಾಯಿತು.

4. ಮುಖ್ಯಸ್ಥೆಯ ರಾಜೀನಾಮೆಯನ್ನು ಸದಸ್ಯರು ತಿರಸ್ಕರಿಸಿದ್ದಾರೆ. ಖಾಲಿ ಬೇಸ್‌ಮೆಂಟ್ ಇನ್ನೂ ಯಾರಲ್ಲೂ ಇಲ್ಲ.

5. ಸಂದರ್ಶನ ಕಳೆದ ಗುರುವಾರ ಮುಗಿದು ಕಾರ್ಡ್ ಮಂಜೂರಾಗಿದೆ. ಲತಾಶ್ರೀ ಅವರು ಪಾರ್ಕಿಂಗ್ ಲಾಟಿನಿಂದಲೇ ಫೋನ್ ಮಾಡಿ, "ಆಂಟಿ, ಆಯ್ತು. ಇನ್ಮೇಲಾದ್ರೂ ನಿದ್ದೆ ಮಾಡಿ" ಎಂದದ್ದನ್ನು ಆದೇಶವೆಂದು ಪರಿಗಣಿಸಿ ಮುಖ್ಯಸ್ಥೆ ಹನ್ನೆರಡು ಗಂಟೆ ಪಾಲಿಸಿದ್ದಾರೆ.

6. ಆದರೆ ಕಾರ್ಡ್ ಬಂದ ಮಾತ್ರಕ್ಕೆ ನಿಷೇಧ ತೆರವಾಗುವುದಿಲ್ಲ. ಪೌರತ್ವಕ್ಕೆ ಇನ್ನೂ ಐದು ವರ್ಷ ಬೇಕು. ಲತಾಶ್ರೀ ಅವರು ಪ್ರಮಾಣವಚನ ಸ್ವೀಕರಿಸಿದ ಮರುದಿನ ಅವರ ಬೆನ್ನಿಗೆ ಮುಖ್ಯಸ್ಥೆಯೇ ಖುದ್ದಾಗಿ ಎಣ್ಣೆ ಹಚ್ಚತಕ್ಕದ್ದು. ಆ ದಿನದವರೆಗೆ ಮುಖ್ಯಸ್ಥೆ ಬದುಕಿರತಕ್ಕದ್ದು. ಇದಕ್ಕೆ ವಿನಾಯಿತಿ ಕೋರಿ ಬರುವ ಯಾವುದೇ ಅರ್ಜಿಯನ್ನು, ಎಷ್ಟೇ ಮೇಲಿನಿಂದ ಬಂದರೂ, ಪುರಸ್ಕರಿಸಲಾಗುವುದಿಲ್ಲ.

(ಸಹಿ)
ಜಯದೇವಿ
ಮುಖ್ಯಸ್ಥೆ, ಬೇಸ್‌ಮೆಂಟ್ ಕಛೇರಿ

ಪ್ರತಿಗಳು:
1. ಶ್ರೀ ನಾಗರಾಜ: "ನಾನು ಆವಾಗ್ಲೇ ಹೇಳಿದ್ದೆ" ಎನ್ನದಿದ್ದುದಕ್ಕೆ ಕೃತಜ್ಞತೆಯೊಂದಿಗೆ.
2. ಶ್ರೀ ರಾಚಯ್ಯ: ಕುರ್ಚಿ ಮೇಲಕ್ಕೆ ತರುವ ಸಲುವಾಗಿ.
3. ಶ್ರೀಮತಿ ಲತಾಶ್ರೀ: ಮಾಹಿತಿಗಾಗಿ. ಕಾಗದ ಮಾತ್ರ ಲಗತ್ತಿಸಿದೆ.
4. ಮುಖ್ಯಸ್ಥೆಯ ಹೃದಯದ ಡಾಕ್ಟರು, ನೋವೈ: ಕಂಡಿಕೆ 6ರ ಕಟ್ಟುನಿಟ್ಟಿನ ಜಾರಿಗಾಗಿ.