ಸೈಕಲ್ ಮೇಲಿನ ಉಡಿ

ಹೆಣ್ಣುಮಕ್ಕಳನ್ನು ಉಡಿ ತುಂಬದೆ ಕಳಿಸಬಾರದು ಎಂಬುದು ಶರಣಬಸಮ್ಮನ ನಿಯಮ. ಆ ನಿಯಮದಿಂದ ಅಳಿಯ ವಿಜಯಕುಮಾರನ ನೌಕರಿಗೇ ಸಂಚಕಾರ ಬಂತು.

ಬ್ರಿಟನ್ನಿನ ವೃತ್ತಿಪರ ಮಹಿಳಾ ಸೈಕಲ್ ತಂಡವೊಂದು ಚಳಿಗಾಲದ ತರಬೇತಿಗೆ ಹೈದರಾಬಾದಿಗೆ ಬಂದಿತ್ತು. ಅವರ ನೆರವಿಗೆ ಟ್ರಾವೆಲ್ಸ್‌ನವರು ವಿಜಯಕುಮಾರನನ್ನು ನೇಮಿಸಿದ್ದರು. ಸದ್ಯಕ್ಕೆ ತಾತ್ಕಾಲಿಕ, ತಂಡದ ವ್ಯವಸ್ಥಾಪಕಿ ಹೆಲೆನ್ ಶಿಫಾರಸು ಮಾಡಿದರೆ ಕಾಯಂ. ಸೋಲಾರ್ ಚಾವಣಿಯ ಸೈಕಲ್ ಪಥದ ಕೊಲ್ಲೂರು ತುದಿಯಲ್ಲಿ ನಿಂತು ಸವಾರರಿಗೆ ತಿನಿಸಿನ ಬಟ್ಟೆಚೀಲ ಹಿಡಿಯುವುದು ಅವನ ಕೆಲಸ. ಅವರು ನಿಲ್ಲುವುದಿಲ್ಲ, ಹದ್ದಿನಂತೆ ಚೀಲ ಎಗರಿಸಿಕೊಂಡು ಹೋಗುತ್ತಾರೆ.

ಹಿಂದಿನ ಸಂಜೆಯೇ ಚೀಲಗಳಿಗೆ ಶಕ್ತಿವರ್ಧಕ ಜೆಲ್ಲಿನ ಪೊಟ್ಟಣ ತುಂಬಿ ಲಿಂಗಂಪಲ್ಲಿಯ ಮನೆಯಲ್ಲಿಟ್ಟಿದ್ದ. ಬೆಳಿಗ್ಗೆ ಕೊನೆಯ ಚೀಲ ಕೊಟ್ಟ ಮೇಲೆ ಹೆಂಡತಿ ಕಾವ್ಯಾ ಫೋನು ಮಾಡಿದಳು. ಪೊಟ್ಟಣಗಳೆಲ್ಲ ಮನೆಯಲ್ಲೇ ಇದ್ದವು. ಅತ್ತೆ ಫೋನು ಕಸಿದುಕೊಂಡರು.

“ಅಳಿಯಂದ್ರ, ಸಮುದ್ರ ದಾಟಿ ಬಂದ ಹೆಣ್ಣುಮಕ್ಕಳಿಗೆ ಶಾಂಪೂ ಕೊಟ್ಟು ಕಳಸ್ತಾರೇನ್ರಿ? ಉತ್ತತ್ತಿ, ಬೆಲ್ಲ, ಕೊಬ್ಬರಿ, ಅರಿಶಿಣ ಕೊಂಬು, ಕುಬಸದ ಕಣ ಹಾಕೀನಿ. ಅಕ್ಕಿ ಚೆಲ್ತಾವಂತ ಬಿಟ್ಟೀನಿ.”

“ಅದು ಶಾಂಪೂ ಅಲ್ರಿ ಅತ್ತಿ. ಅವರ ಊಟರಿ.”

“ಅಷ್ಟು ಸಣ್ಣ ಚೀಟಿನಾಗ ಊಟಾನ? ಪಾಪ, ಅವರಿಗೆ ಅವ್ವ ಅನ್ನಾಕಿ ಇಲ್ಲೇನ್ರಿ?”

ವಿಜಯಕುಮಾರ ಆಟೋ ಹತ್ತಿ, ಪಥದ ಪಕ್ಕದ ರಸ್ತೆಯಲ್ಲಿ ತಂಡದ ಬೆನ್ನು ಹತ್ತಿದ. ತಲೆ ಹೊರಹಾಕಿ, ತಿನ್ನಬೇಡಿ ಎಂದು ಕೂಗಿದ. ಕೊನೆಯಲ್ಲಿದ್ದವಳು ಹುರಿದುಂಬಿಸುತ್ತಿದ್ದಾನೆಂದು ತಿಳಿದು ಹೆಬ್ಬೆರಳು ಎತ್ತಿ ತೋರಿಸಿ, ಇನ್ನೂ ಜೋರಾಗಿ ತುಳಿದಳು. ಆಟೋದವನು ಕನ್ನಡಿಯಲ್ಲಿ ಇವನನ್ನು ನೋಡಿ, ಮನೆಯಲ್ಲಿ ಹೆಂಡತಿ ಇಲ್ಲವೇ ಎಂದು ತೆಲುಗಿನಲ್ಲಿ ಕೇಳಿದ. ಉತ್ತರ ನಂಬದೆ ದಾರಿಯುದ್ದಕ್ಕೂ ಸಂಸಾರದ ಬಗ್ಗೆ ಬುದ್ಧಿ ಹೇಳಿದ.

ಪಥದ ಇನ್ನೊಂದು ತುದಿಯ ನಾರ್ಸಿಂಗಿ ತಲುಪುವಷ್ಟರಲ್ಲಿ ಸವಾರರು ಇಳಿದು ನಿಂತಿದ್ದರು. ಕೊಂಬು ಕಚ್ಚಿದವಳ ಹಲ್ಲು ಅರಿಶಿಣ ಬಣ್ಣವಾಗಿತ್ತು. ಒಬ್ಬಳು ಕುಬಸದ ಕಣದ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡಿದ್ದಳು. ಹೆಲೆನ್ ಕೈಯಲ್ಲಿ ಚೀಲ ಹಿಡಿದು, ಇದನ್ನು ತುಂಬಿದವರು ಯಾರು ಎಂದಳು.

ವಿಜಯಕುಮಾರನಿಗೆ ಉಳಿದ ದಾರಿ ಒಂದೇ. ಎಲ್ಲವೂ ಅತ್ತೆಯ ಕೆಲಸ, ತನ್ನದೇನೂ ಇಲ್ಲ, ಚೀಲದಲ್ಲಿ ಏನಿದೆ ಎಂಬುದೂ ತನಗೆ ಗೊತ್ತಿರಲಿಲ್ಲ ಎಂದು ಆಣೆ ಮಾಡಿದ.

ಹೆಲೆನ್ ನಕ್ಕಳು. ಜೆಲ್ ನುಂಗಿ ನುಂಗಿ ಹುಡುಗಿಯರ ನಾಲಿಗೆ ಕೆಟ್ಟಿತ್ತು. ಉತ್ತತ್ತಿ, ಬೆಲ್ಲ, ಕೊಬ್ಬರಿ ಒಂದು ಚೂರೂ ಉಳಿದಿರಲಿಲ್ಲ. ಕಾಯಂ ಮಾಡಲು ಯಾರ ಹೆಸರು ಬರೆಯಲಿ ಎಂದು ಯೋಚಿಸುತ್ತಿದ್ದೆ, ನೀನು ಪ್ರಾಮಾಣಿಕವಾಗಿ ಹೇಳಿದ್ದು ಒಳ್ಳೆಯದಾಯಿತು ಎಂದಳು. ಶರಣಬಸಮ್ಮ ನಾಳೆಯಿಂದಲೇ ಕಾಯಂ ಕೆಲಸಕ್ಕೆ ಬರಬೇಕು. ಅವರಿಗೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ಇವನೂ ಇರಲಿ, ಸದ್ಯಕ್ಕೆ.

ನೌಕರಿಯಂತೂ ಹೋಗಲಿಲ್ಲ. ವಿಜಯಕುಮಾರ ದೊಡ್ಡದೊಂದು ಉಸಿರು ಬಿಟ್ಟು ಮನೆ ಸೇರಿದ. ಫೋನಿನಲ್ಲೇ ಸುದ್ದಿ ಕೇಳಿದ್ದ ಶರಣಬಸಮ್ಮ ಈಳಿಗೆಮಣೆ ಹಾಕಿಕೊಂಡು ಕಾಯುತ್ತಿದ್ದರು.

“ಕೂಡ್ರಿ ಅಳಿಯಂದ್ರ. ಕೊಬ್ಬರಿ ಸಣ್ಣಗ ಹೆಚ್ರಿ. ಕೆಲಸ ಮನಸಿಗೆ ಬಂದ್ರ ನಾನs ಹೇಳಿ ಕಾಯಂ ಮಾಡಸ್ತೀನಿ.”