ಮಾವನವರ ಮುಖಕ್ಕೆ ಹಾಕಿದ ಫಿಲ್ಟರ್

ಕ್ಲಾಸಿನಲ್ಲಿ ಹೇಳಿದ್ದೆಲ್ಲ ಮನೆಯಲ್ಲೂ ನಡೆಯುತ್ತದೆ ಎಂದು ನಂಬುವುದು ಪಾಠ ಮಾಡುವವರ ಕಾಯಿಲೆ. ನನಗದು ಇಪ್ಪತ್ತು ವರ್ಷಗಳಿಂದ ಇದೆ. ಕಡೂರಿನಿಂದ ದಿನಾ ರೈಲು ಹತ್ತಿ ತರೀಕೆರೆಗೆ ಹೋಗಿ, ಫೋಟೊದಲ್ಲಿರುವ ಕಲೆ, ಧೂಳು, ಗೀರುಗಳನ್ನು ಕಂಪ್ಯೂಟರಿನಲ್ಲಿ ಹೇಗೆ ತೆಗೆಯಬೇಕೆಂದು ಕಾಲೇಜಿನ ಮಕ್ಕಳಿಗೆ ಕಲಿಸುತ್ತೇನೆ. ನಾನು ಮಾತ್ರ ನಿಜವಾದ ಫೋಟೊದಿಂದ ಒಂದೇ ಒಂದು ಕಲೆಯನ್ನೂ ತೆಗೆದವನಲ್ಲ. ಈ ಗುಟ್ಟು ನಮ್ಮ ಹುಡುಗರಿಗೆ ಗೊತ್ತಿಲ್ಲ, ದಯವಿಟ್ಟು ನೀವೂ ಹೇಳಬೇಡಿ.

ಹೋದ ತಿಂಗಳು ಅಜ್ಜಂಪುರದಿಂದ ನಮ್ಮತ್ತೆ ಬಂದರು. ಬ್ಯಾಗಿನಲ್ಲಿ ಟವೆಲು ಸುತ್ತಿದ ಒಂದು ಕಪ್ಪುಬಿಳುಪು ಫೋಟೊ. ತೀರಿಕೊಂಡ ಮಾವನವರದು, ಅವರದೆಂದು ಇರುವುದು ಇದೊಂದೇ. ಅದಕ್ಕೂ ಬೂಷ್ಟು ಹಿಡಿದು ಮುಖದ ತುಂಬ ಚುಕ್ಕೆ ಚುಕ್ಕೆ. ಪೇಟೆಯ ಸ್ಟುಡಿಯೋದವನು, "ಇದಾಗಲ್ಲ ಕಣ್ರೀ, ಅವ್ರದೇ ಹೊಸಾದೊಂದು ತಗೊಂಬನ್ನಿ" ಎಂದನಂತೆ. ಎಲ್ಲಿಂದ ತರೋಣ? ನನ್ನ ಹೆಂಡತಿ ಗಿರಿಜೆಗೆ ಅಪ್ಪ ಹೋದಾಗ ಮೂರು ವರ್ಷ. "ಅಪ್ಪನ ಮುಖಾನೇ ನೆನಪಿಲ್ಲ ನಂಗೆ. ಇದೂ ಹಾಳಾದ್ರೆ ಇನ್ನೇನೂ ಉಳಿಯಲ್ಲ. ಅಲ್ರೀ, ನೀವು ಅದನ್ನೇ ತಾನೇ ಪಾಠ ಮಾಡೋದು?" ಎಂದಳು. ಇಷ್ಟಾದ ಮೇಲೆ ಗಂಡಸಾದವನು ಸುಮ್ಮನಿರುವುದುಂಟೇ? ಮಾಡಿಯೇ ತೀರುತ್ತೇನೆ ಎಂದು ಫೋಟೊ ಸ್ಕ್ಯಾನ್ ಮಾಡಿ ಕುಳಿತೆ.

ಕಲೆ ತೆಗೆಯುವ ಫಿಲ್ಟರಿಗೆ ಕರ್ನೆಲ್ ಎಂಬುದೊಂದಿದೆ, ಒಂಬತ್ತು ಚೌಕಗಳ ಪುಟ್ಟ ಕಿಟಕಿ. ಅದನ್ನು ಚಿತ್ರದ ಮೇಲೆ ಬಿಂದುವಿನಿಂದ ಬಿಂದುವಿಗೆ ಸರಿಸುತ್ತ ಹೋಗಬೇಕು. ನಡುವಿನ ಬಿಂದು ಸುತ್ತಲಿನ ಎಂಟಕ್ಕಿಂತ ತೀರಾ ಬೇರೆಯಾಗಿ ಕಂಡರೆ ಅದನ್ನೂ ಅವುಗಳ ಬಣ್ಣಕ್ಕೆ ತಂದುಬಿಡುವುದೇ ಫಿಲ್ಟರಿನ ಕೆಲಸ. ನಮ್ಮ ಬೀದಿಯವರೂ ಹೊಸದಾಗಿ ಬಂದವರಿಗೆ ಇದನ್ನೇ ಮಾಡುತ್ತಾರೆ. ಮೊದಲ ಸಲಕ್ಕೆ ಸಣ್ಣ ಚುಕ್ಕೆಗಳು ಹೋದವು, ಕೆನ್ನೆ ಮೂಗಿನ ಮೇಲಿನವು ಜಗ್ಗಲಿಲ್ಲ. ಬಿಡುತ್ತೇನೆಯೇ! ಕಿಟಕಿಯನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಗಿರಿಜೆ "ಮುದ್ದೆ ಆರೋಗ್ತಿದೆ" ಎಂದರೆ "ಆರಲಿ" ಎಂದೆ. ಮೂರನೆಯ ದಿನ ಮಾವನವರ ಮುಖ ಎಣ್ಣೆ ಸವರಿದ ಹೋಳಿಗೆಯಂತೆ ನುಣ್ಣಗಾಯಿತು. ಹಣೆಯ ವಿಭೂತಿ ದಪ್ಪವಾಗಿದ್ದುದರಿಂದ ಉಳಿದುಕೊಂಡಿತು. ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಅತ್ತೆಯ ಕೈಗಿಟ್ಟೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. "ಚೆನ್ನಾಗವ್ರೆ. ಯಾರು ಅಳಿಯಂದ್ರೇ ಇವ್ರು?"

"ಮಾವನವರೇ ಅಲ್ವಾ ಅತ್ತೆ!"

"ಅವ್ರಿಗೆ ಮುಖದ್ ತುಂಬ ಸಿಡುಬಿನ ಕಲೆ ಇತ್ತಲ್ಲಪ್ಪಾ. ನನ್ನ ನೋಡೋಕೆ ಬಂದಾಗ ನಮ್ಮಕ್ಕ ಬ್ಯಾಡ ಕಣೇ ಅಂದಿದ್ಲು. ನಾನೇ ಹಟ ಹಿಡಿದು ಆದೆ." ಫೋಟೊವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. "ಇವ್ರನ್ನ ನಾನು ಮದ್ವೆ ಆಗಿಲ್ಲ."

ಅಯ್ಯೋ ಶಿವನೇ, ಭೂಮಿ ಬಾಯಿಬಿಡಬಾರದೇ ಎನಿಸಿತು. ಮಾವನವರನ್ನು ನಾನು ಕಂಡವನಲ್ಲ, ನಿಜ. ಆದರೆ ಎದುರಿಗೇ ಕುಳಿತಿದ್ದವರನ್ನು ಒಂದು ಮಾತು ಕೇಳಬಹುದಿತ್ತಲ್ಲ? ಹಳೆಯ ಸ್ಕ್ಯಾನನ್ನೇ ಮತ್ತೆ ತೆರೆದೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿಟಕಿಯನ್ನು ಅವರು ಬೆರಳಿಟ್ಟ ಕಡೆಗೆ ಮಾತ್ರ ಒಯ್ದೆ. "ಇದು ಬೂಷ್ಟು, ತೆಗೀರಿ. ಇದು ಅವ್ರದು, ಬಿಡ್ರಿ. ಇದೂ ಅವ್ರದೇ, ನಗೋವಾಗ ಒಳಗೋಗ್ತಿತ್ತು." ಇಷ್ಟು ವರ್ಷಗಳ ಮೇಲೂ ಆ ಬೆರಳು ಒಂದು ಕಡೆಯೂ ತಡವರಿಸಲಿಲ್ಲ. ಗಿರಿಜೆ ನನ್ನ ಕುರ್ಚಿಯ ಹಿಂದೆ ನಿಂತು ಅಪ್ಪನ ಮುಖವನ್ನು ಒಂದೊಂದೇ ಚುಕ್ಕೆಯಾಗಿ ಕಲಿತುಕೊಳ್ಳುತ್ತಿದ್ದಳು.

ಹೊಸ ಪ್ರಿಂಟಿನ ಕಟ್ಟನ್ನು ಗೋಡೆಗೆ ತೂಗುಹಾಕಿದ ಮೇಲೆ ನನಗೊಂದು ಆಸೆ ಹುಟ್ಟಿತು. "ಲೇ, ನಾಳೆ ನನ್ನ ಫೋಟೊಗೂ ಬೂಷ್ಟು ಹಿಡಿದ್ರೆ, ಯಾವುದು ಬೂಷ್ಟು ಯಾವುದು ನಾನು ಅಂತ ನೀನು ಹೇಳ್ತೀಯಾ?" ಎಂದು ಗಿರಿಜೆಯನ್ನು ಕೇಳಿದೆ.

"ತಲೆ ಹಿಂಭಾಗ ಆದ್ರೆ ಹೇಳ್ತೀನಿ ಕಣ್ರೀ. ಕಂಪ್ಯೂಟ್ರು ಮುಂದೆ ಕೂತಿರ್ತೀರಲ್ಲ, ಮದ್ವೆ ಆದಾಗಿಂದ ನೋಡಿರೋದು ಅದನ್ನೇ."

ನಾನು ಕುರ್ಚಿಯನ್ನು ಪೂರ್ತಿ ಅವಳ ಕಡೆಗೆ ತಿರುಗಿಸಿ, "ಸರಿ, ಈಗ ನೋಡ್ಕೋ" ಎಂದೆ. ಅವಳು ನನ್ನ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಮೂಗಿನ ಮೇಲಿಟ್ಟು, "ಮೊದ್ಲು ನೀವು ನೋಡಿ" ಎಂದಳು.