ಮುಖದಲ್ಲಿ ಯಾವ ಭಾವವೂ ಇರಬಾರದು

ಬಸ್ ಡ್ರೈವರನ ಅರ್ಜಿ ಲೈಸೆನ್ಸ್ ಕಚೇರಿಯಿಂದ ವಾಪಸ್ ಬಂದದ್ದು ಒಂದು ಫೋಟೋದ ದೆಸೆಯಿಂದ. ಅದಕ್ಕೆ ಪಿನ್ ಮಾಡಿದ್ದ ಚೀಟಿಯಲ್ಲಿ ಮೂರೇ ಸಾಲು: ಹಲ್ಲು ಕಾಣಬಾರದು, ಬಾಯಿ ಮುಚ್ಚಿರಬೇಕು, ಮುಖದಲ್ಲಿ ಯಾವ ಭಾವವೂ ಇರಬಾರದು. ಕೆಳಗೆ ಕೆಂಪು ಶಾಯಿಯಲ್ಲಿ, ಇವತ್ತೇ ಕಡೆಯ ದಿನ, ಕೌಂಟರ್ ನಾಲ್ಕು ಗಂಟೆಗೆ ಬಂದ್ ಎಂದು ಬರೆದಿತ್ತು. ಅಷ್ಟರೊಳಗೆ ಲೈಸೆನ್ಸ್ ನವೀಕರಣವಾಗದಿದ್ದರೆ ನಾಳೆ ಬೆಳಿಗ್ಗೆಯಿಂದ ಅವನ ಸ್ಟೀರಿಂಗ್ ಬೇರೆಯವನ ಕೈಗೆ ಹೋಗುತ್ತದೆ. ಹದಿನೆಂಟು ವರ್ಷ ಬಸ್ ಓಡಿಸಿದವನು ಡಿಪೋದಲ್ಲಿ ಪೈಪು ಹಿಡಿದು ಬಸ್ಸು ತೊಳೆಯಬೇಕಾಗುತ್ತದೆ.

ಬೇರೆ ಯಾರೇ ಆಗಿದ್ದರೂ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಇವನು ಚೀಟಿಯನ್ನು ಎರಡು ಸಲ ಓದಿ, "ಒಳ್ಳೇದೇ ಆಯ್ತು, ಆ ಫೋಟೋದಲ್ಲಿ ಕಾಲರ್ ಸರಿಯಾಗಿ ಕೂತಿರಲಿಲ್ಲ" ಎಂದು ಹೆಂಡತಿಗೆ ಹೇಳಿ ಹೊರಟ.

ಬೀದಿಯವರೆಲ್ಲ ಅವನನ್ನು ಒಳ್ಳೇದಣ್ಣ ಎಂದೇ ಕರೆಯುತ್ತಿದ್ದರು. ಅದು ಪ್ರೀತಿಯಿಂದ ಇಟ್ಟ ಹೆಸರು ಎಂದು ಅವನು ನಂಬಿದ್ದ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತರೆ ಪ್ರಯಾಣಿಕರಿಗೆ, ನಡೆದರೆ ಕಾಲಿಗೆ ಒಳ್ಳೆಯದು ಎನ್ನುತ್ತಿದ್ದ. ಯಾರದಾದರೂ ಚಪ್ಪಲಿ ಕಳೆದುಹೋದರೆ, ಹೊಸದು ಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ನೆಪ ಬೇಕೆ ಎನ್ನುತ್ತಿದ್ದ. ಜನ ಏನೂ ಮಾತಾಡದೆ ಹೋಗಿಬಿಡುತ್ತಿದ್ದರು. ತನ್ನ ಮಾತು ಅವರ ಮನಸ್ಸಿಗೆ ನಾಟಿತು ಎಂದುಕೊಂಡು ಅವನು ಹಿಗ್ಗುತ್ತಿದ್ದ.

ಫೋಟೋ ಸ್ಟುಡಿಯೋದಲ್ಲಿ ಬಿಳಿ ಪರದೆಯ ಮುಂದೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಸ್ಟುಡಿಯೋದವನ ಕಂಪ್ಯೂಟರು ಮುಖ ನೋಡಿ ತೀರ್ಪು ಕೊಡುತ್ತಿತ್ತು. ಸರಿಯಿದ್ದರೆ ಮುಖದ ಸುತ್ತ ಹಸಿರು ಚೌಕ, ಇಲ್ಲದಿದ್ದರೆ ಕೆಂಪು. ಮೊದಲ ಹನ್ನೊಂದು ಫೋಟೋಗಳೂ ಕೆಂಪಾದವು. ಬಾಯಿ ಮುಚ್ಚಿದರೆ ಕಣ್ಣು ನಗುತ್ತಿತ್ತು. ಕಣ್ಣನ್ನು ಹಿಡಿದಿಟ್ಟರೆ ಕೆನ್ನೆ ಉಬ್ಬುತ್ತಿತ್ತು. ಉಕ್ಕುವ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗಿತ್ತು ಅವನ ಪಾಡು; ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯಿಂದ ನಗು ಹೊರಬೀಳುತ್ತಿತ್ತು.

ಸತ್ತವರನ್ನು ನೆನೆಸಿಕೋ ಎಂದು ಸ್ಟುಡಿಯೋದವನು ಹೇಳಿಕೊಟ್ಟ. ಡ್ರೈವರ್ ತೀರಿಹೋದ ತಾಯಿಯನ್ನು ನೆನೆಸಿಕೊಂಡ. ಅವಳು ಕನ್ನಡಕ ಹಾಕಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕಿದ್ದು ನೆನಪಾಗಿ ಹೆಗಲು ಕುಣಿಯತೊಡಗಿತು. ಫೋಟೋ ಕೆಂಪಾಯಿತು.

ಎದುರಿನ ಅಂಗಡಿಯ ಟೇಲರ್ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದವನು ತಡೆಯಲಾರದೆ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದ. ತನ್ನ ಕಸುಬಿನಲ್ಲಿ ಇದಕ್ಕೆ ಮದ್ದಿದೆ ಎಂದ. ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡರೆ ಎಂಥವನೂ ನಗುವುದಿಲ್ಲವಂತೆ. ಪಿನ್ನು ಕಚ್ಚಿಕೊಂಡ ಕೂಡಲೇ ಡ್ರೈವರನ ಮುಖ ನಿಜಕ್ಕೂ ಗಂಭೀರವಾಯಿತು. ಆದರೆ ಫೋಟೋದಲ್ಲಿ ಪಿನ್ನುಗಳು ಬೆಕ್ಕಿನ ಮೀಸೆಯಂತೆ ಕಂಡವು. ಅವನ್ನು ತೆಗೆದದ್ದೇ ತಡ, ಅಷ್ಟು ಹೊತ್ತಿನ ನಗುವೆಲ್ಲ ಒಟ್ಟಿಗೆ ಬಂತು.

ಗಂಟೆ ಎರಡೂವರೆಯಾಗಿತ್ತು. ಸ್ಟುಡಿಯೋದವನು ಬೆವರು ಒರೆಸಿಕೊಂಡ. ಅಷ್ಟರಲ್ಲಿ ತಮ್ಮ ಫೋಟೋದ ಪ್ರತಿಗಳನ್ನು ಕೇಳಿಕೊಂಡು ಟೀಚರಮ್ಮ ಬಂದರು. ಡ್ರೈವರನ ಮನೆಯ ಮೇಲಿನ ಮಹಡಿಯಲ್ಲಿರುವ ನಿವೃತ್ತ ಮೇಡಂ ಅವರು, ಕೋಲೂರಿಕೊಂಡು ನಡೆಯುತ್ತಿದ್ದರು. ಸಂಗತಿ ತಿಳಿದು ಡ್ರೈವರನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು.

"ನಾನು ಮೆಟ್ಟಿಲಿಂದ ಬಿದ್ದು ಆಸ್ಪತ್ರೇಲಿ ಇದ್ದಾಗ ದಿನಾ ಸಾಯಂಕಾಲ ಬರ್ತಿದ್ದೆಯಲ್ಲ, ನೆನಪಿದೆಯಾ?" ಎಂದು ಕೇಳಿದರು.

ಚೆನ್ನಾಗಿಯೇ ನೆನಪಿತ್ತು. ಕಾಲು ಮುರಿದದ್ದರಿಂದ ನಿಮಗೆ ವಿಶ್ರಾಂತಿ ಸಿಕ್ಕಿತು ಎಂದು ದಿನವೂ ಧೈರ್ಯ ಹೇಳಿದ್ದ. ಅವನ ಮಾತು ಕೇಳುತ್ತಾ ಅವರು ಹಾಗೇ ನಿದ್ದೆ ಹೋಗುತ್ತಿದ್ದರು. ಅದನ್ನು ಅವನು ಎಷ್ಟೋ ಜನರಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದ.

"ನಿದ್ದೆ ಅಲ್ಲಪ್ಪ. ನೀನು ವಾರ್ಡಿನ ಬಾಗಿಲಲ್ಲಿ ಕಂಡ ತಕ್ಷಣ ಹೇಳು ಅಂತ ನರ್ಸಿಗೆ ಹೇಳಿಟ್ಟಿದ್ದೆ. ಅವಳು ಕೆಮ್ಮೋಳು, ನಾನು ಕಣ್ಣು ಮುಚ್ಕೊಳ್ತಿದ್ದೆ."

ಡ್ರೈವರ್ ನಗಲು ನೋಡಿದ. ನಗು ಅರ್ಧ ದಾರಿಯಲ್ಲಿ ನಿಂತಿತು. ಸ್ಟುಡಿಯೋದವನು ಮೆಲ್ಲಗೆ ಕ್ಯಾಮೆರಾದ ಹಿಂದೆ ಸರಿದ.

ಒಬ್ಬರು ಬಾಯಿಬಿಟ್ಟ ಮೇಲೆ ಟೇಲರನಿಗೂ ಧೈರ್ಯ ಬಂತು. ಅವನ ಅಂಗಡಿಯ ಸೂರು ಸೋರಿ, ಹೊಲಿಯಲು ಬಂದಿದ್ದ ಬಟ್ಟೆಯೆಲ್ಲ ಹಾಳಾದ ದಿನ ಡ್ರೈವರ್ ಬಂದು, ಯಾವುದು ಬಣ್ಣ ಬಿಡುತ್ತದೆ ಎಂದು ಈಗಲೇ ಗೊತ್ತಾಯಿತಲ್ಲ ಎಂದಿದ್ದನಂತೆ. ಆವತ್ತು ಕೈಯಲ್ಲಿ ಕತ್ತರಿ ಇತ್ತು, ಹೇಗೋ ಕೆಳಗಿಟ್ಟೆ ಎಂದ ಟೇಲರ್. "ಬೆಳಿಗ್ಗೆ ನೀನು ಡ್ಯೂಟಿಗೆ ಹೋಗೋ ಹೊತ್ತಿಗೆ ಅಂಗಡಿ ಶಟರ್ ಅರ್ಧ ಇಳಿಸಿರ್ತೀನಲ್ಲ, ಯಾಕೆ ಅಂದ್ಕೊಂಡಿದ್ದೆ?"

"ಬಿಸಿಲಿಗೆ ಅಂತ" ಎಂದ ಡ್ರೈವರ್. ಆ ಅರ್ಧ ಶಟರಿನ ಕೆಳಗೆ ದಿನವೂ ಬಗ್ಗಿ, ಕಾಣುತ್ತಿದ್ದ ಟೇಲರನ ಮೊಣಕಾಲುಗಳಿಗೆ ನಮಸ್ಕಾರ ಹೇಳಿ ಹೋಗುತ್ತಿದ್ದದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಮತ್ತೆ ಫೋಟೋ ತೆಗೆದರು. ಚೌಕ ಕೆಂಪೇ, ಆದರೆ ಯಾಕೋ ಸ್ವಲ್ಪ ಮಿಣುಕಿತು. ಇನ್ನೊಂಚೂರು ಬೇಕು ಎಂದು ಸ್ಟುಡಿಯೋದವನು ಪಿಸುಗುಟ್ಟಿದ; ಅಡುಗೆಗೆ ಉಪ್ಪು ಕೇಳುವವನ ಹಾಗೆ.

ಆಗಲೇ ಡ್ರೈವರನ ಹೆಂಡತಿ ಬಂದದ್ದು. ಹಳೆಯ ಲೈಸೆನ್ಸನ್ನು ಅವನು ಮನೆಯಲ್ಲೇ ಮರೆತು ಬಂದಿದ್ದ. ಅವಳನ್ನು ಕಂಡು ಅವನಿಗೆ ಜೀವ ಬಂದಂತಾಯಿತು. ಇವರೆಲ್ಲ ಏನೇನೋ ಹೇಳುತ್ತಿದ್ದಾರೆ, ನೀನಾದರೂ ನಿಜ ಹೇಳು, ನನ್ನಿಂದ ನಿನಗೆ ಯಾವತ್ತಾದರೂ ಬೇಜಾರಾಗಿದೆಯಾ ಎಂದು ಕೇಳಿದ.

ಅವಳು ಲೈಸೆನ್ಸನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅದನ್ನು ನೇರ ಮಾಡಿದಳು. ಆಮೇಲೆ ಇನ್ನೊಂದು ಸಲ ನೇರ ಮಾಡಿದಳು.

"ಈಗ ಯಾಕೆ ಅದೆಲ್ಲ" ಎಂದಳು.

ಈಗಲೇ ಬೇಕು, ನಾಲ್ಕರೊಳಗೆ ಬೇಕು ಎಂದು ಮೂವರೂ ಒಟ್ಟಿಗೆ ಹೇಳಿದರು.

"ನಮ್ಮಪ್ಪ ಹೋದ ದಿನ ಮನೆ ತುಂಬ ಜನ. ನೀವು ಎಲ್ಲರನ್ನೂ ನಗಿಸ್ತಾ ಇದ್ರಿ. ನಂಗೆ ಅಳಬೇಕು ಅನ್ನಿಸ್ತು. ನಿಮ್ಮೆದುರಿಗೆ ಅತ್ರೆ ಸಮಾಧಾನ ಮಾಡೋಕೆ ಬಂದುಬಿಡ್ತೀರಿ ಅಂತ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಾ ಕೂತೆ." ಅವಳು ಗೋಡೆಯ ಕಡೆ ನೋಡುತ್ತಾ ಹೇಳುತ್ತಿದ್ದಳು. "ನೀರು ಸುಮ್ನೆ ಪೋಲಾಗ್ತಿದೆ ಅಂತ ನೀವು ಬಾಗಿಲು ಬಡಿದ್ರಿ. ನಲ್ಲಿ ನಿಲ್ಲಿಸಿದೆ. ಅಳೂನೂ ನಿಲ್ಲಿಸಿದೆ."

ನೆಲ ಬಾಯಿಬಿಟ್ಟಿದ್ದರೆ ಡ್ರೈವರ್ ಸ್ಟೂಲಿನ ಸಮೇತ ಇಳಿದುಹೋಗುತ್ತಿದ್ದ. ಹದಿನೆಂಟು ವರ್ಷ ಬಸ್ಸಿನ ಕನ್ನಡಿಯಲ್ಲಿ ಹಿಂದೆ ಕೂತವರ ಮುಖಗಳನ್ನು ನೋಡಿಕೊಂಡು ಬಂದವನು ಅವನು. ಮನೆಯಲ್ಲಿ ಎದುರಿಗೇ ಕೂತಿದ್ದ ಮುಖವನ್ನು ನೋಡಿರಲಿಲ್ಲ.

ಕ್ಯಾಮೆರಾ ಕ್ಲಿಕ್ ಎಂದಿತು. ಚೌಕ ಹಸಿರಾಯಿತು.

ಇಷ್ಟು ಚೆನ್ನಾದ ಫೋಟೋ ನಾನು ತೆಗೆದೇ ಇಲ್ಲ ಎಂದು ಸ್ಟುಡಿಯೋದವನು ಕುಣಿದಾಡಿದ. ಟೇಲರನೂ ಟೀಚರಮ್ಮನೂ ಫೋಟೋ ನೋಡಿ, ಅದರೊಳಗಿದ್ದವನನ್ನು ನೋಡಿ, ತಾವು ಕೊಂಚ ಹೆಚ್ಚೇ ಹೇಳಿಬಿಟ್ಟೆವು ಎಂದು ತಲೆ ತಗ್ಗಿಸಿ ತಮ್ಮ ತಮ್ಮ ದಾರಿ ಹಿಡಿದರು.

ಗಂಡ ಹೆಂಡತಿ ಲೈಸೆನ್ಸ್ ಕಚೇರಿ ಮುಟ್ಟಿದಾಗ ಮೂರೂವರೆ. ಸಾಲಿನಲ್ಲಿ ಮುಂದೆ ಇಬ್ಬರೇ ಇದ್ದರು; ಬೇಗ ಮುಗಿಯಿತು. ಹಿಂದೆ ಒಂಬತ್ತು ಜನ ಬಂದು ನಿಂತರು. ಕೌಂಟರಿನ ಮೇಡಂ ಫೋಟೋ ನೋಡಿದಳು, ಸರಿಯಿದೆ ಎಂದಳು. ಹೆಸರು, ವಿಳಾಸ, ಹಳೆಯ ನಂಬರು ಎಲ್ಲ ಕಂಪ್ಯೂಟರಿಗೆ ತುಂಬಿದಳು. ಕೊನೆಯ ಗುಂಡಿ ಒತ್ತುವುದೊಂದೇ ಬಾಕಿ. ಆಗ ಫೋಟೋದಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ಎರಡೂ ಒಂದೇ ಥರ ಇದ್ದವು. ದಿನಕ್ಕೆ ನೂರು ಮುಖ ನೋಡಿ ಕಲ್ಲಾಗಿದ್ದ ಅವಳ ಮನಸ್ಸು ಅದೇಕೋ ಕರಗಿತು.

"ಏನಾಯ್ತು ಅಣ್ಣ?" ಎಂದು ಕೇಳಿದಳು.

ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ಅವನು ಕೊಟ್ಟದ್ದು ಒಂದೇ ಉತ್ತರ, ಎಲ್ಲ ಚೆನ್ನಾಗಿದೆ ಎಂದು. ಈಗಲೂ ಅದನ್ನೇ ಹೇಳಲು ಬಾಯಿ ತೆರೆದ. ಬೇರೆ ಏನೋ ಬಂತು. ಟೀಚರಮ್ಮನ ಸುಳ್ಳು ನಿದ್ದೆ ಬಂತು, ಟೇಲರನ ಮೊಣಕಾಲು ಬಂತು, ಬಚ್ಚಲಿನ ನಲ್ಲಿ ಬಂತು. ಹೆಂಡತಿ ತೋಳು ಹಿಡಿದು ಎಳೆದಳು. ಅವನು ನಿಲ್ಲಿಸಲಿಲ್ಲ; ನಿಲ್ಲಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಬ್ರೇಕಿಲ್ಲದ ಗಾಡಿ ಇಳಿಜಾರಿಗೆ ಬಿದ್ದಂತಾಗಿತ್ತು. ಅಲ್ಲಿಂದ ತಾಯಿಯ ಕೊನೆಯ ದಿನಗಳಿಗೆ ಹೋದ, ಅಲ್ಲಿಂದ ಬಾಲ್ಯಕ್ಕೆ ಹೋದ. ನಲವತ್ತೆರಡು ವರ್ಷ ಹೇಳದೆ ಉಳಿದದ್ದೆಲ್ಲ ಸರತಿಯಲ್ಲಿ ನಿಂತಿತ್ತು.

ಮೇಡಂ ಕೈಯನ್ನು ಗಲ್ಲಕ್ಕೆ ಕೊಟ್ಟು ಕೇಳಿದಳು. ಹಿಂದಿನ ಒಂಬತ್ತು ಜನ ಒಬ್ಬರ ಹೆಗಲ ಮೇಲೆ ಒಬ್ಬರು ಬಗ್ಗಿ ಕೇಳಿದರು. ಒಬ್ಬ ಲಾರಿ ಡ್ರೈವರು ನನ್ನದೂ ಇದೇ ಕತೆ ಎಂದು ಮೂಗು ಒರೆಸಿಕೊಂಡ. ಅವನ ಕತೆಯನ್ನೂ ಕೇಳಿದರು. ಯಾರೋ ನೀರಿನ ಬಾಟಲಿ ಕೊಟ್ಟರು.

ಕೊನೆಗೆ ಮೇಡಂ ಕಣ್ಣು ಒರೆಸಿಕೊಂಡು, ನಿಮ್ಮ ಕೆಲಸವನ್ನಾದರೂ ಮಾಡಿಕೊಡೋಣ ಎಂದು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದಳು. ಪರದೆಯ ಮೇಲೆ ಒಂದು ಸಾಲು ಬಂತು. ಗಂಟೆ ನಾಲ್ಕಾಗಿ ಎರಡು ನಿಮಿಷವಾಗಿತ್ತು. ನಾಲ್ಕಕ್ಕೆ ಕಂಪ್ಯೂಟರು ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ, ಯಾರು ಹೇಳಿದರೂ ತೆರೆಯುವುದಿಲ್ಲವಂತೆ.

ಹಿಂದಿದ್ದ ಒಂಬತ್ತು ಜನರಿಗೂ ಅದೇ ಕಡೆಯ ದಿನ. ಈಗಷ್ಟೇ ಒದ್ದೆಯಾಗಿದ್ದ ಹದಿನೆಂಟು ಕಣ್ಣುಗಳು ಒಣಗಿ ಅವನ ಬೆನ್ನಿಗೆ ಚುಚ್ಚಿದವು. ನೀರಿನ ಬಾಟಲಿಯನ್ನು ಯಾರೋ ವಾಪಸ್ ಕಿತ್ತುಕೊಂಡರು. ಅವನು ಕತ್ತು ತಗ್ಗಿಸಿ ಅರ್ಜಿಯನ್ನು ನಾಲ್ಕಾಗಿ, ಎಂಟಾಗಿ ಮಡಿಸುತ್ತಾ ನಿಂತ. ನಾಳೆ ಹಿಡಿಯಬೇಕಾದ ಪೈಪು ಈಗಲೇ ಕೈಗೆ ತಣ್ಣಗೆ ತಗುಲಿದಂತಾಯಿತು.

ಪಕ್ಕದಲ್ಲಿ ಏನೋ ಸದ್ದಾಯಿತು. ತಿರುಗಿ ನೋಡಿದ. ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡ. ಅವಳ ಹೆಗಲು ಕುಲುಕುತ್ತಿತ್ತು, ಕಣ್ಣಲ್ಲಿ ನೀರೂ ಇತ್ತು. ಆದರೆ ಬೆರಳ ಸಂದಿನಿಂದ ಹೊರಗೆ ಬರುತ್ತಿದ್ದದ್ದು ನಗು. ಮೇಡಂ ಕಿಟಕಿ ಎಳೆದುಕೊಂಡಳು, ಹೆಂಡತಿ ನಗುತ್ತಲೇ ಇದ್ದಳು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡು ನಿಂತು ನಕ್ಕಳು.

ಅವನು ಎರಡು ಮೆಟ್ಟಿಲು ಕೆಳಗೆ ನಿಂತು, ಜೀವಮಾನದಲ್ಲೇ ಮೊದಲ ಸಲ ಮುಖ ಸಿಂಡರಿಸಿಕೊಂಡು ಕೇಳಿದ:

"ಅಲ್ಲ, ಇದರಲ್ಲಿ ನಗೋ ಅಂಥದ್ದು ಏನಿದೆ?"